ಡಾಲರ್ ಎಂಟಕ್ಕೆ ಇಳಿದ ವರ್ಷ

ಆಗಸ್ಟ್ 9
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿಮ್ಮಪ್ಪನ ಎಡ ಮೊಣಕಾಲೊಂದನ್ನು ಬಿಟ್ಟು. ಅದು ಯಾವಾಗ ಚೆನ್ನಾಗಿತ್ತು ಅಂತ ನೀನೂ ಕೇಳಬೇಡ, ನಾನೂ ಹೇಳುವುದಿಲ್ಲ. ನೀನು ಮೆಸೇಜ್ ಹಾಕಿ ಮೂರು ವಾರವಾದರೂ ನಾನು ಉತ್ತರ ಕೊಡಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಎರಡು ಮಾತು ಆಡುವಷ್ಟರಲ್ಲಿ ನಿನಗೆ ಮೀಟಿಂಗ್ ಬಂದುಬಿಡುತ್ತದೆ. ಪತ್ರವಾದರೆ ನಡುವೆ ಕಟ್ ಮಾಡುವ ಹಾಗಿಲ್ಲ, ಪೂರ್ತಿ ಕೇಳಿಸಿಕೊಳ್ಳಲೇಬೇಕು.

"ಅಮ್ಮಾ, ವರದಿ ಓದಿದ್ಯಾ? ಕೋಪ ಬಂತಾ?" ಅಂತ ಕೇಳಿದ್ದೆ. ಓದಿದೆ. ಬಂತು. ಬಂದದ್ದು ಹೋಗಲಿಕ್ಕೆ ಇಷ್ಟು ದಿನ ಹಿಡಿಯಿತು, ಅದಕ್ಕೇ ಈ ತಡ.

ನಿನಗೆ ಮುಖ್ಯ ಕಚೇರಿಯ ಹಣಕಾಸು ವಿಭಾಗದಲ್ಲಿ ಕೆಲಸ ಸಿಕ್ಕಿದಾಗ ಇಡೀ ಬೀದಿಗೆ ಹೇಳಿಕೊಂಡು ಬಂದವಳು ನಾನು. ನಾನು ವಿಮಾನಕ್ಕೆ ಬಾಗಿಲು ಕೂರಿಸುವವಳು, ನನ್ನ ಮಗಳು ಅದೇ ಕಂಪನಿಯ ಹಣ ನೋಡಿಕೊಳ್ಳುವವಳು ಅಂತ. ಆ ಮಗಳೇ ಒಂದು ದಿನ ನಮ್ಮ ಬಾಗಿಲು ವಿಭಾಗವನ್ನು ಇಲ್ಲಿಂದ ಎತ್ತಿ, ಡಾಲರಿನಲ್ಲಿ ಸಂಬಳ ಕೊಡುವ ದೇಶಕ್ಕೆ ಸಾಗಿಸುವುದೇ ಲೇಸು ಅಂತ ಬರೆದು ಕೊಡುತ್ತಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತು ಬರೆದವಳು ನೀನೇ ಅಂತ. ನನ್ನೆದುರು ಯಾರೂ ಏನೂ ಅನ್ನುವುದಿಲ್ಲ. ನಾನು ಬಂದ ತಕ್ಷಣ ಮಾತು ಹವಾಮಾನದ ಕಡೆ ತಿರುಗುತ್ತದೆ. ಈ ಊರಿನ ಮೋಡದ ಬಗ್ಗೆ ನಮ್ಮ ಫಿಟ್ಟರುಗಳಿಗೆ ಇಷ್ಟೊಂದು ಕಾಳಜಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಪೆದ್ದುತನ ಕೇಳಿದರೆ ನಗುತ್ತೀಯ. ವರ್ಷದ ಮೊದಲಲ್ಲಿ ನಮ್ಮ ಹಣ ಗಟ್ಟಿಯಾಗುತ್ತಿದೆ, ಡಾಲರ್ ಇಳಿಯುತ್ತಿದೆ ಅಂತ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತಲ್ಲ, ಅವತ್ತು ಕ್ಯಾಂಟೀನಿನಲ್ಲಿ ಸಂಭ್ರಮವೋ ಸಂಭ್ರಮ. ನಮ್ಮ ಹಿರಿಯ ಫಿಟ್ಟರ್ ಉದ್ದಣ್ಣ ಗೊತ್ತಲ್ಲ, ಏಣಿಯಿಲ್ಲದೆ ಬಾಗಿಲಿನ ಮೇಲಂಚು ಮುಟ್ಟುವವನು, ಅವನು ಎಲ್ಲರಿಗೂ ತನ್ನ ಜೇಬಿನಿಂದ ಕಾಫಿ ಕುಡಿಸಿದ. "ಅಕ್ಕಾ, ನಮ್ಮ ದುಡ್ಡಿಗೂ ಒಂದು ಕಾಲ ಬಂತು ನೋಡಿ" ಅಂದ. ನಾನೇನು ಕಡಿಮೆಯೇ, ಹೊರದೇಶದ ಬಟ್ಟೆ ಒಗೆಯುವ ಮಷೀನ್ ಅಗ್ಗವಾಗಿದೆಯೆಂದು ಮನೆಗೆ ತಂದೆ. ನಿಮ್ಮಪ್ಪ ಒಂದು ರೇಡಿಯೋ ತಂದರು. ಬಸ್ಸು ಓಡಿಸಿ ಬಂದು, ಕಾಲು ಚಾಚಿ, ಅರ್ಥವಾಗದ ಭಾಷೆಯ ಸುದ್ದಿ ಕೇಳುತ್ತಾರೆ. ಕೇಳಿದರೆ "ದನಿ ಎಷ್ಟು ಸ್ವಚ್ಛವಾಗಿದೆ ನೋಡೇ" ಅನ್ನುತ್ತಾರೆ. ಹತ್ತಿದ್ದ ಡಾಲರ್ ಎಂಟಕ್ಕೆ ಬಂದು ನಿಂತ ದಿನ ಉದ್ದಣ್ಣ ಮತ್ತೊಂದು ಸುತ್ತು ಕಾಫಿ ಕುಡಿಸಿದ. ನಮ್ಮ ಕೆಲಸಕ್ಕೆ ಕುತ್ತು ಬಂದ ಸುದ್ದಿಗೆ ನಾವೇ ಕಾಫಿ ಕುಡಿದು ಬಾಯಿ ಒರೆಸಿಕೊಂಡೆವು.

ಆಮೇಲೆ ನಿನ್ನ ವರದಿ ಬಂತು. ನಮ್ಮ ಕಾರ್ಖಾನೆಯ ದೊಡ್ಡ ಸಾಹೇಬರು ವಿಭಾಗಕ್ಕೇ ಬಂದು, ಅರ್ಧ ಜೋಡಿಸಿದ ಬಾಗಿಲಿಗೆ ಒರಗಿ ನಿಂತು ಬಿಡಿಸಿ ಹೇಳಿದರು. ವಿಮಾನವನ್ನು ಯಾರಿಗೆ ಮಾರಿದರೂ ಬೆಲೆ ಡಾಲರಿನಲ್ಲಿ. ಈಗ ಕಟ್ಟುತ್ತಿರುವ ವಿಮಾನಗಳ ಬೆಲೆ ಮಾತಾದದ್ದು ನಾಲ್ಕು ವರ್ಷದ ಹಿಂದೆ, ಒಂದು ಡಾಲರಿಗೆ ನಮ್ಮ ಹತ್ತು ಸಿಗುತ್ತಿದ್ದಾಗ. ಹಣದ ಹೆಚ್ಚಿನ ಪಾಲು ಕೈಗೆ ಬರುವುದು ವಿಮಾನ ಒಪ್ಪಿಸಿದ ದಿನ, ಅಂದರೆ ಈಗ, ಎಂಟು ಸಿಗುವಾಗ. ನಮ್ಮ ಸಂಬಳ, ಕರೆಂಟು, ಕ್ಯಾಂಟೀನಿನ ಆ ಹಾಳು ಕಾಫಿ ಕೂಡ ನಮ್ಮ ಹಣದಲ್ಲೇ, ಒಂದು ಕಾಸೂ ಇಳಿದಿಲ್ಲ. ಸಮುದ್ರದಾಚೆ ವಿಮಾನ ಕಟ್ಟುವ ಇನ್ನೊಂದು ಕಂಪನಿಗೆ ಸಂಬಳ ಕೊಡುವುದೂ ಡಾಲರ್, ಮಾರುವುದೂ ಡಾಲರ್. ಅದು ಬಿದ್ದರೂ ಎದ್ದರೂ ಅವರ ಮನೆಯೊಳಗಿನ ವ್ಯವಹಾರ. ನಾವು ಬೆಲೆ ಏರಿಸಿದರೆ ಗಿರಾಕಿ ನೇರ ಅವರ ಬಳಿ ಹೋಗುತ್ತಾನೆ.

"ಹಾಗಾದ್ರೆ ಇಷ್ಟು ದಿನ ಹೇಗೆ ನಡೀತು ಸಾರ್?" ಅಂತ ರಬ್ಬರಕ್ಕ ಕೇಳಿದಳು. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಕೂರಿಸುವ ಅವಳೇ, ಚಿಕ್ಕಂದಿನಲ್ಲಿ ನಿನ್ನನ್ನು ಸೊಂಟದ ಮೇಲಿಂದ ಇಳಿಸದವಳು. ಬ್ಯಾಂಕಿನ ಜೊತೆ ಹಳೆಯ ದರವನ್ನೇ ಮುಂಗಡವಾಗಿ ಗೊತ್ತುಮಾಡಿಕೊಂಡಿದ್ದರಿಂದ ಬಿಸಿ ತಟ್ಟಲಿಲ್ಲ, ಆ ಒಪ್ಪಂದ ಈ ವರ್ಷದ ಕೊನೆಗೆ ಮುಗಿಯುತ್ತದೆ, ಆಮೇಲೆ ಮಳೆಯಲ್ಲಿ ಕೊಡೆ ಮಡಚಿದ ಹಾಗೆ ಅಂದರು ಸಾಹೇಬರು.

ಮಗಳೇ, ನಿನ್ನ ವರದಿಯನ್ನು ನಾನು ತಪ್ಪು ಹುಡುಕಲೆಂದೇ ಓದಿದೆ. ಒಂದು ಭಾನುವಾರ ಪೂರ್ತಿ ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು, ಪೆನ್ಸಿಲ್ ಹಿಡಿದು ಕೂತೆ. ಸಿಗಲಿಲ್ಲ. ಒಂದು ಬಾಗಿಲಿಗೆ ನಾವು ಎಷ್ಟು ಹೊತ್ತು ತಗಲಿಸುತ್ತೇವೆ ಅನ್ನುವುದನ್ನೂ ಸರಿಯಾಗಿಯೇ ಬರೆದಿದ್ದೀಯ. ಸಿಟ್ಟು ಬಂದದ್ದು ಅದಕ್ಕೆ. ಎಲ್ಲಾದರೂ ತಪ್ಪಿದ್ದರೆ ನಿನ್ನ ಮೇಲೆ ಕೂಗಾಡಿ ಹಗುರಾಗುತ್ತಿದ್ದೆ.

ಮೂವತ್ತು ಜನರ ಅನ್ನ ಅದು. ಹಾಗಂತ ನೀನು ಸುಳ್ಳು ಬರೆಯಬೇಕಿತ್ತು ಅನ್ನುತ್ತಿಲ್ಲ. ಸುಮ್ಮನೆ ಕೈಕಟ್ಟಿ ಕೂರುವುದೂ ನನ್ನ ಜಾಯಮಾನವಲ್ಲ. ಕೊನೆಯ ತೀರ್ಮಾನಕ್ಕೆ ಮುಂಚೆ ನಮ್ಮ ಮಾತೂ ಕೇಳಬೇಕೆಂದು ದೊಡ್ಡ ಸಾಹೇಬರ ಬೆನ್ನು ಬಿದ್ದೆ. ಒಪ್ಪಿದ್ದಾರೆ. ಮುಂದಿನ ತಿಂಗಳು ಮುಖ್ಯ ಕಚೇರಿಯವರು ಬರುತ್ತಾರೆ, ಜೊತೆಗೆ ನೀನೂ ಬರುತ್ತೀಯಂತೆ. ಬಾ. ಕೆಲಸದ ಹೊತ್ತಿನಲ್ಲಿ ಎದುರುಬದುರು ಕೂತು ಜಗಳವಾಡೋಣ, ಆಮೇಲೆ ಮನೆಗೆ ಬಂದು ಊಟ ಮಾಡು. ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿದ್ದೇನೆ. ನಿಮ್ಮಪ್ಪ ಆರಿಸಿದ ಬಣ್ಣ, ನೋಡಿ ಹೆದರಬೇಡ.

ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ
ಅಮ್ಮ


ಸೆಪ್ಟೆಂಬರ್ 20

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ಸಭೆ ಮುಗಿದ ವಾರದೊಳಗೆ ಬರೆಯುತ್ತೇನೆಂದು ನಿಮ್ಮಪ್ಪನಿಗೆ ಹೇಳಿದ್ದೆ. ಎರಡು ಸಲ ಶುರು ಮಾಡಿ ಎರಡು ಸಲ ಹರಿದೆ. ಈಗ ಮೂರನೆಯದು, ಇದನ್ನು ಹರಿದರೆ ಕಾಗದ ತರಲು ತಾವು ಅಂಗಡಿಗೆ ಹೋಗುವುದಿಲ್ಲ ಅಂದಿದ್ದಾರೆ.

ಅವತ್ತು ನಿನಗೆ ಊಟಕ್ಕೆ ಬರಲಾಗಲಿಲ್ಲ. ರೈಲಿಗೆ ಹೊತ್ತಾಗಿತ್ತು, ಇರಲಿ. ನಿನ್ನ ಪಾಲಿನದನ್ನು ನಿಮ್ಮಪ್ಪ ಮಾರನೆಯ ದಿನವೂ ಬಿಸಿ ಮಾಡಿ ತಿಂದರು.

ನೀನು ಚೆನ್ನಾಗಿ ಮಾತಾಡಿದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನ ಮಾತು ಬರುತ್ತದಲ್ಲ, ಆಗ ಮರೆತುಹೋಗುತ್ತದೆ. ಗೋದಾಮಿನ ಮೇಲಿನ ಆ ಕೋಣೆಯಲ್ಲಿ ಫ್ಯಾನು ಕಿರುಗುಡುತ್ತಿತ್ತು, ಕೆಳಗೆ ಯಾರೋ ತಗಡು ಬಡಿಯುತ್ತಿದ್ದರು, ಆದರೂ ನಿನ್ನ ಒಂದು ಮಾತೂ ಯಾರಿಗೂ ತಪ್ಪಿಹೋಗಲಿಲ್ಲ. "ಡಾಲರ್ ಮತ್ತೆ ಹತ್ತಕ್ಕೆ ಏರಬಹುದು, ಏರದೇನೂ ಇರಬಹುದು. ಅದು ನಮ್ಮ ಕೈಯಲ್ಲಿಲ್ಲ. ಖರ್ಚಿನಲ್ಲಿ ಒಂದು ಪಾಲನ್ನ ಡಾಲರಿಗೆ ತಿರುಗಿಸೋದು ನಮ್ಮ ಕೈಯಲ್ಲಿದೆ. ಆಗ ಡಾಲರ್ ಬಿದ್ರೆ ವರಮಾನದ ಜೊತೆ ಆ ಖರ್ಚೂ ಬೀಳುತ್ತೆ" ಅಂದೆ. ಉದ್ದಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ಇದು ನನಗೂ ಅರ್ಥ ಆಯ್ತಲ್ಲ" ಅಂದ. ಅವನಿಗೆ ಅಷ್ಟು ಬಗ್ಗುವುದೇ ಒಂದು ಸಾಹಸ.

ಆಮೇಲೆ ನೀನು ಆ ಪ್ರಶ್ನೆ ಕೇಳಿದೆ. ಬಾಗಿಲನ್ನು ಮೂರು ಸಲ ಯಾಕೆ ಹಾಕಿ ತೆಗೆಯುತ್ತೀರಿ ಅಂತ.

ನಮ್ಮಲ್ಲಿ ಅದು ಹುಟ್ಟಿನಿಂದ ಬಂದ ಪದ್ಧತಿ. ಮೊದಲ ಸಲ ಬರೀ ಬಾಗಿಲನ್ನು ಕ್ರೇನಿನಿಂದ ಎತ್ತಿ, ವಿಮಾನದ ಒಡಲಿಗೆ ಹಾಕಿ, ಸುತ್ತ ಸಂದು ಸಮ ಇದೆಯೇ ನೋಡಿ ಇಳಿಸುತ್ತೇವೆ. ಎರಡನೆಯ ಸಲ ರಬ್ಬರ್ ಪಟ್ಟಿ ಕೂರಿಸಿಕೊಂಡು ಹಾಕುತ್ತೇವೆ. ಮೂರನೆಯ ಸಲ ಚಿಲಕ, ಹಿಡಿಕೆ ಎಲ್ಲ ಸೇರಿಸಿ. ನನಗೆ ಕೆಲಸ ಕಲಿಸಿದ ಹಿರಿಯರು ಹಾಗೆ ಮಾಡುತ್ತಿದ್ದರು, ನಾನು ಹಾಗೆ ಮಾಡಿದೆ, ನನ್ನ ಕೈಕೆಳಗಿನವರಿಗೂ ಹಾಗೇ ಕಲಿಸಿದೆ. "ಮೊದಲನೇ ಸಲದಿಂದ ಏನು ಸಿಗುತ್ತೆ?" ಅಂತ ನೀನು ಕೇಳಿದಾಗ ನನ್ನ ಪಿತ್ತ ನೆತ್ತಿಗೇರಿತು. "ಕಾಗದದ ಮೇಲೆ ಬಾಗಿಲು ಹಾಕೋರಿಗೆ ಒಂದೇ ಸಲ ಸಾಕು" ಅಂದುಬಿಟ್ಟೆ. ನಿಮ್ಮ ಕಚೇರಿಯಿಂದ ಬಂದಿದ್ದ ಕನ್ನಡಕದ ಸಾಹೇಬರು ಗೊಳ್ಳೆಂದು ನಕ್ಕರು. ನೀನು ನಗಲಿಲ್ಲ, ತಲೆ ತಗ್ಗಿಸಿ ಏನೋ ಬರೆದುಕೊಂಡೆ.

ಮನೆಗೆ ಬಂದು ನಿಮ್ಮಪ್ಪನ ಮುಂದೆ ಎಲ್ಲ ಹೇಳಿದೆ, ನನ್ನ ಆ ಮಾತನ್ನಂತೂ ಎರಡು ಸಲ ಹೇಳಿದೆ, ಭೇಷ್ ಅನ್ನಲಿ ಅಂತ.

"ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಯಾ?" ಅಂದರು.

"ಕೊಟ್ಟೆನಲ್ಲ."

"ಉತ್ತರ ಕೊಟ್ಯೋ, ಬೈದ್ಯೋ?"

ನಾನು ಎದ್ದು ಒಳಗೆ ಹೋದೆ. ಎಷ್ಟೋ ವರ್ಷದಿಂದ ಬಸ್ಸು ಓಡಿಸುತ್ತಿರುವ ಮನುಷ್ಯ, ಯಾವ ತಿರುವಿನಲ್ಲಿ ಹಾರನ್ ಹೊಡೆಯಬೇಕು ಅಂತ ಚೆನ್ನಾಗಿ ಗೊತ್ತು. ಅವತ್ತು ಅವರ ರೇಡಿಯೋದ ಸದ್ದು ನನಗೆ ಇನ್ನಷ್ಟು ಕಿರಿಕಿರಿಯಾಯಿತು.

ಮಾರನೆಯ ದಿನ ಉದ್ದಣ್ಣನನ್ನು ಕರೆದು ಕೇಳಿದೆ, "ಮೊದಲನೇ ಸಲ ಇಳಿಸಿದ ಮೇಲೆ ಅಂಚಿಗೆ ಅರ ಹಾಕಿ ಉಜ್ಜಿದ್ದು ಕೊನೆಗೆ ಯಾವಾಗಪ್ಪಾ?" ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಕಿವಿ ಕೆರೆದುಕೊಂಡ. "ಹಳೇ ಚೌಕಟ್ಟು ಬರ್ತಿದ್ದಾಗ ಅಕ್ಕ. ಅವು ಒಂದು ಕಡೆ ಸೊಟ್ಟ ಇರ್ತಿದ್ವು. ಈಗಿನವು ಅಳತೆ ಮಷೀನಿಂದ ಬರ್ತವೆ, ಸೊಟ್ಟ ಎಲ್ಲಿರುತ್ತೆ?" ಅಂದ. "ಮತ್ತೆ ಯಾಕೋ ಹಾಕ್ತಾ ಇದ್ದೀವಿ?" ಅಂದೆ. "ನೀವು ಹಾಕು ಅಂತೀರಿ, ನಾವು ಹಾಕ್ತೀವಿ" ಅಂದ. ನನಗೆ ನಗು ಬಂತು, ಸಿಟ್ಟೂ ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮಿದೆ.

ನೀನು ಕೇಳಿದ್ದು ಸರಿ. ಒಪ್ಪಿಕೊಂಡೆ, ಸಾಕಾ? ನಿಮ್ಮಪ್ಪನಿಗೆ ಮಾತ್ರ ಹೇಳಬೇಡ.

ಈಗ ತೀರ್ಮಾನದ ವಿಷಯ. ನೀನು ಆಗಲೇ ಬಲ್ಲೆ, ಆದರೂ ಇಲ್ಲಿಂದ ಹೇಗೆ ಕಾಣುತ್ತದೆ ಅಂತ ತಿಳಿದಿರಲಿ. ಬಾಗಿಲಿನ ಹೊರತಗಡು ಮತ್ತು ಚೌಕಟ್ಟು ಇನ್ನು ಮುಂದೆ ಡಾಲರಿನ ದೇಶದಿಂದ ಬರುತ್ತವೆ. ಜೋಡಿಸಿ, ಒಡಲಿಗೆ ಕೂರಿಸುವ ಕೆಲಸ ಇಲ್ಲಿ ಉಳಿಯಬಹುದು, ಡಾಲರ್ ಎಂಟರಲ್ಲೇ ನಿಂತರೂ ಬಾಗಿಲು ತನ್ನ ಖರ್ಚನ್ನು ತಾನೇ ಹೊರುವುದಾದರೆ. ಅದನ್ನು ಮೂರು ಬಾಗಿಲಿನಲ್ಲಿ ಮಾಡಿ ತೋರಿಸಬೇಕು, ನವೆಂಬರ್ ಮುಗಿಯುವುದರೊಳಗೆ. ಆಗದಿದ್ದರೆ ನಿನ್ನ ಮೊದಲ ವರದಿಯಂತೆ ಎಲ್ಲವೂ ಸಾಗುತ್ತದೆ.

ಇದರಲ್ಲಿ ಪೆಟ್ಟು ಬಿದ್ದದ್ದು ತಗಡು ಒತ್ತುವವರಿಗೆ. ಅವರ ಕೆಲಸ ಹೋಗುವುದು ಖಂಡಿತ. ಬೀದಿಗೆ ಹಾಕುವುದಿಲ್ಲ, ರೆಕ್ಕೆ ವಿಭಾಗದಲ್ಲಿ ಜನ ಬೇಕಂತೆ, ಅಲ್ಲಿಗೆ ಕಳಿಸುತ್ತಾರೆ. ಆದರೂ ಒತ್ತುಯಂತ್ರದ ಮುಂದೆ ಕೂದಲು ಹಣ್ಣಾದವರು, ಈಗ ಹೋಗಿ ರೆಕ್ಕೆಯ ತೂತು ಕೊರೆಯಲು ಕಲಿಯಬೇಕು. ಅವರಲ್ಲಿ ಒಬ್ಬಾಕೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ನಿಮ್ಮ ಭಾಗ ಉಳಿಸಿಕೊಂಡ್ರಿ, ನಮ್ಮದನ್ನ ಕೊಟ್ರಿ" ಅಂದಳು. ದಿನವೂ ಅವಳ ಬಾಯಿಂದ ಒಂದು ಮಾತಾದರೂ ಬರಲಿ ಅಂತ ಗೇಟಿನ ಹತ್ತಿರ ನಿಧಾನವಾಗಿ ಸೈಕಲ್ ತಳ್ಳುತ್ತೇನೆ.

ಚೌಕಟ್ಟುಗಳು ಹಡಗು ಹತ್ತಿವೆಯಂತೆ. ಬಂದ ಮೇಲೆ ಬರೆಯುತ್ತೇನೆ. ನಿನಗೆ ಕೆಮ್ಮಿತ್ತು, ಅವತ್ತು ಗಮನಿಸಿದೆ. ಬಿಸಿನೀರು ಕುಡಿ, ಏಸಿಯ ನೇರಕ್ಕೆ ಕೂರಬೇಡ.

ನಿನ್ನ
ಅಮ್ಮ


ನವೆಂಬರ್ 29

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು, ಈ ಸಲ ಎರಡು ಕೈ ತುಂಬ. ಮುಖ್ಯ ಕಚೇರಿಯಿಂದ ನಿನಗೆ ಸುದ್ದಿ ಆಗಲೇ ಮುಟ್ಟಿರುತ್ತದೆ, ಆದರೂ ನನ್ನ ಬಾಯಿಂದಲೇ ಪೂರ್ತಿ ಕೇಳಬೇಕು. ತಡವಾಯಿತು ಅಂದರೆ ಕಾರಣ ಇದೆ. ಮೂರೂ ಬಾಗಿಲು ಮುಗಿಯುವವರೆಗೆ ಪೆನ್ನು ಮುಟ್ಟಬಾರದು ಅಂತ ಹಟ ಹಿಡಿದಿದ್ದೆ.

ಚೌಕಟ್ಟುಗಳು ಬಂದವು. ಪೆಟ್ಟಿಗೆ ಬಿಚ್ಚಿದಾಗ ಇಡೀ ವಿಭಾಗ ಸುತ್ತುವರಿಯಿತು, ಹೊಸ ಸೊಸೆಯನ್ನು ನೋಡಲು ಬಂದವರ ಹಾಗೆ. ಎಲ್ಲರ ಕಣ್ಣೂ ಒಂದು ಕೊರತೆ ಹುಡುಕುತ್ತಿತ್ತು. ಉದ್ದಣ್ಣ ಮೂಲೆಮೂಲೆಗೂ ಅಳತೆಪಟ್ಟಿ ಹಿಡಿದ. ಆಮೇಲೆ ಬೇಸರದಿಂದ, "ಚೆನ್ನಾಗಿದೆ ಅಕ್ಕ" ಅಂದ. ಅಷ್ಟು ದುಃಖದಿಂದ ಯಾರಾದರೂ ಒಂದು ವಸ್ತುವನ್ನು ಹೊಗಳಿದ್ದನ್ನು ನಾನು ನೋಡಿಲ್ಲ.

ಮೊದಲ ಬಾಗಿಲನ್ನು ನೇರವಾಗಿ ರಬ್ಬರ್ ಪಟ್ಟಿಯ ಜೊತೆಗೇ ಹಾಕಿದೆವು. ಬರೀ ಬಾಗಿಲು ಹಾಕಿ ನೋಡುವುದನ್ನು ಬಿಟ್ಟೆವು. ಅಭ್ಯಾಸಬಲ ನೋಡು, ಬಾಗಿಲು ಒಡಲಿಗೆ ಕೂತ ತಕ್ಷಣ ಇಬ್ಬರು ಹುಡುಗರು ಇಳಿಸಲು ಕೊಕ್ಕೆ ಹಿಡಿದು ನಿಂತಿದ್ದರು. "ಬಿಡ್ರೋ, ಅಲ್ಲೇ ಇರಲಿ" ಅಂದೆ. ಪಟ್ಟಿ ಸುತ್ತಲೂ ಒತ್ತಿ ಕೂತಿದೆಯೇ ನೋಡಿದ ಮೇಲೆ ಅದನ್ನು ಇಳಿಸಿ, ಚಿಲಕ ಹಾಕಿ, ಮತ್ತೆ ಏರಿಸಿ, ಒಡಲಿನೊಳಗೆ ಗಾಳಿ ತುಂಬಿ ಸೋರಿಕೆ ನೋಡುವ ಪರೀಕ್ಷೆ. ಮೀಟರಿನ ಮುಳ್ಳು ಹಸಿರಿನಲ್ಲೇ ನಿಂತಿತು. ಪೂರ್ತಿ ಅರ್ಧ ದಿನದ ಕೆಲಸ ಉಳಿತಾಯವಾಯಿತು. ಯಾರೂ ಕೂಗಲಿಲ್ಲ, ಮಾತಾಡಿದರೆ ದೃಷ್ಟಿ ತಾಗೀತು ಅನ್ನುವ ಹಾಗೆ ಎಲ್ಲರೂ ಸುಮ್ಮನೆ ಚಹಾಕ್ಕೆ ಹೋದರು.

ಎರಡನೆಯದು ಸೋರಿತು.

ಕೆಳಗಿನ ಮೂಲೆಯಿಂದ ಸಣ್ಣಗೆ ಸುಂಯ್ ಅನ್ನುವ ಸದ್ದು. ಮುಳ್ಳು ಇಳಿಯುತ್ತಲೇ ಇತ್ತು. ಎಲ್ಲರೂ ನನ್ನ ಮುಖ ನೋಡಿದರು. ಅವರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಇತ್ತು. ಮೊದಲಿನ ಹಾಗೆ ಮೂರು ಸಲ ಹಾಕಿದ್ದರೆ ಹೀಗಾಗುತ್ತಿರಲಿಲ್ಲ, ಮುಖ್ಯ ಕಚೇರಿಯವರ ಮಾತು ಕೇಳಿ ಕೆಟ್ಟೆವು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಎದೆ ಒಡೆದುಹೋಯಿತು, ಜೊತೆಗೆ ಒಳಗೆಲ್ಲೋ ಒಂಚೂರು ಖುಷಿಯೂ ಆಯಿತು, ನನ್ನ ಪದ್ಧತಿಯೇ ಗೆದ್ದಿತಲ್ಲ ಅಂತ. ಮೂವತ್ತು ಜನರ ಅನ್ನ ಹೋಗುವಾಗ ಖುಷಿಪಡುವ ಆ ಬುದ್ಧಿಗೆ ಏನನ್ನಬೇಕೋ ತಿಳಿಯದು.

ರಬ್ಬರಕ್ಕ ಮಾತ್ರ ಯಾರ ಮುಖವನ್ನೂ ನೋಡದೆ ಹೋಗಿ ಆ ಮೂಲೆಗೆ ಕೆನ್ನೆ ಒತ್ತಿ ಕೂತಳು. ಗಾಳಿ ಎಲ್ಲಿಂದ ಬರುತ್ತಿದೆ ಅಂತ ಕೆನ್ನೆಗೆ ಗೊತ್ತಾಗುತ್ತದಂತೆ. ಬಾಗಿಲು ಇಳಿಸಿ ನೋಡಿದರೆ, ಆ ಮೂಲೆಯಲ್ಲಿ ರಬ್ಬರ್ ಪಟ್ಟಿ ಸ್ವಲ್ಪ ಎದ್ದುಕೊಂಡಿತ್ತು, ಕೂರಿಸಿದ ಕಡೆ ಕೂರದೆ ಮುದುರುತ್ತಿತ್ತು.

"ಇದು ಇನ್ನೂ ಸುರುಳಿ ಬಿಟ್ಟಿಲ್ಲ ಕಣೇ" ಅಂದಳು.

ಆಗ ತಿಳಿಯಿತು. ರಬ್ಬರ್ ಪಟ್ಟಿ ಡಬ್ಬದಲ್ಲಿ ಸುರುಳಿ ಸುತ್ತಿಕೊಂಡು ಬರುತ್ತದೆ. ಮುಂಚೆ ನಾವು ಬರೀ ಬಾಗಿಲನ್ನು ಹಾಕಿ ಇಳಿಸುವ ಅಷ್ಟು ಹೊತ್ತೂ ಅವಳು ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲೆ ಉದ್ದಕ್ಕೆ ಚಾಚಿ ಇಡುತ್ತಿದ್ದಳು. ನಮ್ಮ ಕೆಲಸ ಮುಗಿಯುವಷ್ಟರಲ್ಲಿ ಅದು ತನ್ನಷ್ಟಕ್ಕೇ ನೆಟ್ಟಗಾಗುತ್ತಿತ್ತು. ಈಗ ಡಬ್ಬದಿಂದ ತೆಗೆದದ್ದೇ ಬಾಗಿಲಿಗೆ ಹತ್ತಿಸಿದೆವು. ಮೊದಲ ಬಾಗಿಲಿಗೆ ಹಾಕಿದ್ದು ಹಳೆಯ ತುಂಡು, ಮುಂಚೆಯೇ ಬಿಚ್ಚಿಟ್ಟದ್ದು, ಅದಕ್ಕೇ ಅದು ದಕ್ಕಿತು. ಅಂದರೆ ಆ ಮೊದಲ ಸಲದಿಂದ ಏನು ಸಿಗುತ್ತಿತ್ತು ಅಂತ ಕೇಳಿದೆಯಲ್ಲ, ಬಾಗಿಲಿಗೆ ಏನೂ ಇಲ್ಲ, ರಬ್ಬರಿಗೆ ವಿಶ್ರಾಂತಿ ಸಿಗುತ್ತಿತ್ತು. ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪಟ್ಟಿ ಬಿಚ್ಚಿಡುತ್ತಿದ್ದವಳಿಗೂ ತಾನು ಯಾಕೆ ಬಿಚ್ಚಿಡುತ್ತೇನೆ ಅಂತ ಗೊತ್ತಿರಲಿಲ್ಲ. "ಮೇಜು ಖಾಲಿ ಇರ್ತಿತ್ತು, ಅದಕ್ಕೇ ಹಾಸ್ತಿದ್ದೆ" ಅಂದಳು.

ಅವತ್ತು ಮನೆಗೆ ಹೋಗುವ ಮುಂಚೆ ಎರಡು ಪಟ್ಟಿ ಬಿಚ್ಚಿ ಹಾಸಿ ಹೋದೆವು. ಬೆಳಿಗ್ಗೆ ಎರಡನೆಯ ಬಾಗಿಲಿಗೆ ಹೊಸ ಪಟ್ಟಿ ಕೂರಿಸಿ ಹಾಕಿದೆವು. ಮುಳ್ಳು ಕದಲಲಿಲ್ಲ. ಮೂರನೆಯದನ್ನು ನಾನು ಮುಟ್ಟಲೇ ಇಲ್ಲ, ಕೈಕಟ್ಟಿ ದೂರ ನಿಂತು ನೋಡಿದೆ, ಉದ್ದಣ್ಣನೇ ಎಲ್ಲ ನಡೆಸಿದ. ಅದೂ ನಿಂತಿತು. ದೊಡ್ಡ ಸಾಹೇಬರು ತಾವೇ ಬಂದು ಒಂದು ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ, ಮಗು ಆಟದ ಸಾಮಾನು ಹಿಡಿದ ಹಾಗೆ ಮಾಡಿದರು.

ಮೊನ್ನೆ ತೀರ್ಮಾನ ಬಂತು. ಜೋಡಿಸುವ, ಕೂರಿಸುವ ಕೆಲಸ ಇಲ್ಲೇ ಇರುತ್ತದೆ. ಮುಂದಿನ ಆರ್ಡರಿನ ಬಾಗಿಲುಗಳೂ ನಮಗೇ. ಸಾಹೇಬರು ಓದಿ ಹೇಳುವಾಗ ರಬ್ಬರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು, ನಾನು ನೆಗಡಿಯೇ ಅಂತ ಕೇಳಿ ಬೈಸಿಕೊಂಡೆ. ಉದ್ದಣ್ಣ ಕಾಫಿ ಕುಡಿಸುತ್ತೇನೆಂದು ಎದ್ದ. ಎಲ್ಲರೂ ಒಟ್ಟಿಗೆ ಅವನ ಕೈ ಹಿಡಿದು ಕೂರಿಸಿದರು. ಅವನು ಕಾಫಿ ಕುಡಿಸಿದಾಗಲೆಲ್ಲ ಏನಾಗಿದೆ ಅಂತ ನೆನಪಿದೆಯಲ್ಲ. ಈಗ ಅವನು ದಿನಾ ಬೆಳಿಗ್ಗೆ ಪೇಪರಿನಲ್ಲಿ ಡಾಲರಿನ ದರ ನೋಡದೆ ಅರ ಹಿಡಿಯುವುದಿಲ್ಲ. ಅದು ಇನ್ನೂ ಎಂಟರ ಸುತ್ತಲೇ ಕುಂಟುತ್ತಿದೆ. ಒಂದು ದಿನ ಚೂರು ಏರಿದರೆ "ಇವತ್ತು ಬಾಗಿಲು ಹಗುರ ಅಕ್ಕ" ಅನ್ನುತ್ತಾನೆ. ಏರಲಿ ಬೀಳಲಿ, ಉಳಿಸಿದ ಅರ್ಧ ದಿನ ನಮ್ಮದೇ, ಅದನ್ನು ಯಾವ ಪೇಟೆಯೂ ಕಿತ್ತುಕೊಳ್ಳುವ ಹಾಗಿಲ್ಲ.

ಮಾತು ಬಿಟ್ಟಿದ್ದಳಲ್ಲ, ತಗಡಿನಾಕೆ, ಅವಳು ನಿನ್ನೆ ಗೇಟಿನಲ್ಲಿ ಸಿಕ್ಕಿ, "ರೆಕ್ಕೆ ವಿಭಾಗದ ಕ್ಯಾಂಟೀನ್ ನಿಮ್ಮದಕ್ಕಿಂತ ವಾಸಿ" ಅಂದಳು. ಬೈಗುಳವೇ ಇರಬಹುದು, ಆದರೂ ಮಾತು ಮಾತೇ. ನನ್ನ ಸೈಕಲ್ ಹಗುರಾಯಿತು.

ಜನವರಿಯಲ್ಲಿ ಹೊಸ ರೀತಿಯ ಬಾಗಿಲು ಹೊತ್ತ ಮೊದಲ ವಿಮಾನವನ್ನು ಗಿರಾಕಿಗೆ ಒಪ್ಪಿಸುತ್ತಾರೆ. ಮುಖ್ಯ ಕಚೇರಿಯವರೆಲ್ಲ ಬರುತ್ತಾರೆ, ನೀನೂ ಬರುತ್ತೀಯಂತೆ. ಈ ಸಲ ರೈಲಿನ ಹೊತ್ತನ್ನು ನಿಮ್ಮಪ್ಪ ನೋಡಿಕೊಳ್ಳುತ್ತಾರೆ, ನಿಲ್ದಾಣಕ್ಕೆ ತಾವೇ ಬಿಡುತ್ತಾರಂತೆ, ಬೇಕಾದರೆ ಖಾಲಿ ಬಸ್ಸಿನಲ್ಲಿ. ಎರಡು ದಿನ ರಜೆ ಹಾಕಿಕೊಂಡು ಬಾ.

ನಿನ್ನ ಲೆಕ್ಕ ನಿನಗೆ ಯಾವತ್ತೂ ಕೈಕೊಡದಿರಲಿ. ನಿನ್ನ ಮಾತು ಹೀಗೇ ನೆಟ್ಟಗಿರಲಿ. ಆ ಕೆಮ್ಮು ಹೋಗಿ, ಒಳ್ಳೆ ನಿದ್ದೆ ಬಂದು, ನೂರು ಕಾಲ ಸುಖವಾಗಿರು ಮಗಳೇ. ನಮ್ಮ ವಿಭಾಗ ಉಳಿದದ್ದರಲ್ಲಿ ನಿನ್ನ ಪಾಲು ದೊಡ್ಡದು, ಇದನ್ನು ನಾನು ವಿಭಾಗದಲ್ಲೂ ಎಲ್ಲರೆದುರು ಹೇಳಿದ್ದೇನೆ.

ನಿನ್ನ
ಅಮ್ಮ

ತಾ.ಕ.: ಇದನ್ನು ಹೋದ ಪತ್ರದಲ್ಲೇ ಬರೆಯಬೇಕಿತ್ತು. ಹರಿದು ಹಾಕಿದ ಎರಡರಲ್ಲೂ ಬರೆದಿದ್ದೆ. ಸಭೆಯ ದಿನ ನಿಮ್ಮ ಕನ್ನಡಕದ ಸಾಹೇಬರು ನನ್ನ ಕಡೆ ಕೈ ತೋರಿಸಿ, "ಇವರು ನಿಮಗೆ ಮುಂಚೇನೇ ಗೊತ್ತಾ?" ಅಂತ ನಿನ್ನನ್ನು ಕೇಳಿದರು. "ಇಲ್ಲಿನ ಸೂಪರ್‌ವೈಸರ್ ಮೇಡಂ" ಅಂದೆ ನೀನು. ಆಮೇಲೆ ಸಂಜೆಯವರೆಗೂ ಮೇಡಂ ಹೇಳಿ, ಮೇಡಂ ಕೇಳಿ ಅಂತಲೇ ಮಾತಾಡಿದೆ. ಊಟದ ಹೊತ್ತಿಗೆ ಬೇರೆ ಮೇಜಿಗೆ ಹೋದೆ. ರಬ್ಬರಕ್ಕ ನನ್ನ ಪಕ್ಕದಲ್ಲೇ ಇದ್ದಳು, ತಲೆ ಎತ್ತದೆ ಊಟ ಮಾಡಿದಳು.

ಯಾಕೆ ಹಾಗಂದೆ ಅಂತ ನನಗೆ ಅರ್ಥವಾಗುತ್ತದೆ. ತಾಯಿಗೋಸ್ಕರ ಲೆಕ್ಕ ಬಗ್ಗಿಸಿದಳು ಅಂದಾರು ಅಂತ ಹೆದರಿದೆ. ವರದಿ ಓದಿದಾಗ ನನಗೆ ಕೋಪ ಬಂದಿತ್ತು, ಕೋಪ ಹೋಯಿತು. ಅವತ್ತು ಕೋಪ ಬರಲೇ ಇಲ್ಲ, ಅದಕ್ಕೇ ಆ ನೋವು ಇನ್ನೂ ಹೋಗಿಲ್ಲ. ಈ ಕಾರ್ಖಾನೆಯಲ್ಲಿ ದೊಡ್ಡ ಸಾಹೇಬರೂ ನನ್ನನ್ನು ಅಕ್ಕಾ ಅನ್ನುತ್ತಾರೆ. ಮೇಡಂ ಅಂದವಳು ನೀನೊಬ್ಬಳೇ.

ಈಗ ಲೆಕ್ಕ ಮುಗಿದಿದೆ, ತೀರ್ಮಾನವೂ ಆಗಿದೆ, ಯಾರೂ ಏನೂ ಅನ್ನುವ ಹಾಗಿಲ್ಲ. ಜನವರಿಯಲ್ಲಿ ಬಂದಾಗ ಅವರೆಲ್ಲ ಜೊತೆಗಿರುವಾಗಲೇ, ವಿಭಾಗದೊಳಗೆ ಬಂದು, ದೂರದಿಂದಲೇ ಒಂದು ಸಲ ಅಮ್ಮಾ ಅಂತ ಕೂಗು. ಎಷ್ಟು ಸದ್ದಿದ್ದರೂ ನನಗೆ ಕೇಳಿಸುತ್ತದೆ.